ಲೋಕಲ್ ರೈಲಿನಲ್ಲಿ ನೂರು ವರ್ಷದ ಪುಸ್ತಕ: ಪುಕ್ಕಟೆ ಸಿಗುವುದನ್ನು ಹುಡುಕುವುದು ಹೀಗೆ

ಡೊಂಬಿವಲಿಯಲ್ಲಿ ಹತ್ತಿದರೆ ಮುಂಬೈಯ ಕೊನೇ ಸ್ಟೇಷನ್ ಸಿಎಸ್‌ಎಂಟಿ ಮುಟ್ಟುವ ಹೊತ್ತಿಗೆ ಒಂದು ಗಂಟೆ ದಾಟಿರುತ್ತದೆ. ಸೀಟು ಸಿಕ್ಕರೆ ಪುಣ್ಯ. ಇಲ್ಲದಿದ್ದರೆ ಒಂದು ಕೈ ಮೇಲಿನ ಹಿಡಿಕೆಗೆ, ಇನ್ನೊಂದು ಕೈ ಫೋನಿಗೆ. ಲೇಡೀಸ್ ಡಬ್ಬಿಯಲ್ಲಿ ಪಕ್ಕದವರು ಬಟಾಣಿ ಸುಲಿಯುತ್ತಿರುತ್ತಾರೆ, ಎದುರಿನವರು ಸೀರಿಯಲ್ ನೋಡುತ್ತಿರುತ್ತಾರೆ. ನಾನು 1899ರ ಕಾದಂಬರಿ ಓದುತ್ತಿರುತ್ತೇನೆ. ಅದಕ್ಕೆ ಒಂದು ಪೈಸೆ ಕೊಟ್ಟಿಲ್ಲ, ಕದ್ದಿದ್ದೂ ಅಲ್ಲ.

ಎಲ್ಲಿ ಸಿಕ್ಕಿತು ಅಂತ ಕೇಳಿದವರಿಗೆ ಮೊದಲೆಲ್ಲ "ನೆಟ್‌ನಲ್ಲಿದೆ, ಹುಡುಕಿ" ಅನ್ನುತ್ತಿದ್ದೆ. ಅವರು ಹುಡುಕಿ, ಸಿಗದೆ, ಬಿಟ್ಟುಬಿಡುತ್ತಿದ್ದರು. ಅವರ ತಪ್ಪೇನಿಲ್ಲ. ದೊಡ್ಡ ಹೆಸರಿನವರು ಹೇಗೆ ಹುಡುಕಿದರೂ ಸಿಗುತ್ತಾರೆ. ಜನ ಮರೆತವರು ಸಿಗಬೇಕಾದರೆ ಸ್ವಲ್ಪ ಒಳದಾರಿ ಗೊತ್ತಿರಬೇಕು. ಆ ದಾರಿ ಇಲ್ಲಿದೆ.

ಮೊದಲು ಲೆಕ್ಕ ಹಾಕಿ

ನಮ್ಮ ದೇಶದ ಕಾಪಿರೈಟ್ ಕಾನೂನು ಸರಳ. ಲೇಖಕರು ತೀರಿಕೊಂಡ ವರ್ಷಕ್ಕೆ 60 ಸೇರಿಸಿ. ಅದರ ಮರುವರ್ಷದ ಜನವರಿ 1ಕ್ಕೆ ಪುಸ್ತಕ ಎಲ್ಲರದ್ದೂ ಆಗುತ್ತದೆ. ವಚನಗಳನ್ನು ಹುಡುಕಿ ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ. ಅವರ ಬರಹ ಬಿಡುಗಡೆಯಾದದ್ದು 2025ರ ಜನವರಿ 1ಕ್ಕೆ.

ಪುಸ್ತಕ ಹಳೆಯದು ಅಂದ ಮಾತ್ರಕ್ಕೆ ಪುಕ್ಕಟೆ ಅಲ್ಲ, ಇಲ್ಲೇ ಜಾಸ್ತಿ ಜನ ಎಡವುವುದು. ನಂಜನಗೂಡು ತಿರುಮಲಾಂಬಾ ಬರೆಯತೊಡಗಿದ್ದು 1910ರ ದಶಕದಲ್ಲಿ. ಆದರೆ ಅವರು ಬದುಕಿದ್ದು 1982ರವರೆಗೆ. ಹಾಗಾಗಿ ಅವರ ಪುಸ್ತಕಗಳಿಗೆ 2043ರ ತನಕ ಕಾಯಬೇಕು. ಅವರಿಗಿಂತ ಎಷ್ಟೋ ಆಮೇಲೆ ಬರೆದ ತ್ರಿವೇಣಿ 1963ರಲ್ಲೇ ಹೋದರು. ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು 2024ರಿಂದಲೇ ಮುಕ್ತ. ಲೇಖಕರು ಹೋದಮೇಲೆ ಮೊದಲ ಸಲ ಅಚ್ಚಾದ ಪುಸ್ತಕವಾದರೆ ಅಚ್ಚಾದ ವರ್ಷದಿಂದ ಎಣಿಸಿ. ಹೊಸ ಮುದ್ರಣಕ್ಕೆ ಯಾರಾದರೂ ಮುನ್ನುಡಿ, ಟಿಪ್ಪಣಿ ಬರೆದಿದ್ದರೆ ಅದರ ಹಕ್ಕು ಅವರದ್ದೇ. ಅನುವಾದಕ್ಕೂ ಹಾಗೇ, ಅನುವಾದಕರದ್ದು ಬೇರೆ ಲೆಕ್ಕ.

ಎಲ್ಲಿ ನೋಡಬೇಕು

ಮುಖ್ಯವಾಗಿ ಎರಡು ಕಡೆ. ಒಂದು, 1996ರಲ್ಲಿ ಶುರುವಾದ ಇಂಟರ್ನೆಟ್ ಆರ್ಕೈವ್ ಎಂಬ ಆನ್‌ಲೈನ್ ಲೈಬ್ರರಿ (archive.org). 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ' ಯೋಜನೆಯಲ್ಲಿ ನಮ್ಮ ಲೈಬ್ರರಿಗಳ ಹಳೇ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದ್ದರಲ್ಲ, ಅವುಗಳ ದೊಡ್ಡ ರಾಶಿ ಈಗ ಅಲ್ಲಿದೆ. ಇನ್ನೊಂದು, ಕನ್ನಡ ವಿಕಿಸೋರ್ಸ್. ಇಲ್ಲಿ ಪುಸ್ತಕ ಕಡಿಮೆ. ಆದರೆ ಸ್ವಯಂಸೇವಕರು ಅಕ್ಷರ ಅಕ್ಷರ ಟೈಪ್ ಮಾಡಿರುವುದರಿಂದ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ಓದಬಹುದು. ಚಾಳೀಸು ಬಂದವರು ಇಲ್ಲಿಂದಲೇ ಶುರುಮಾಡುವುದು ಒಳ್ಳೆಯದು. ಮಂಗಳೂರಿನ ಬಾಸೆಲ್ ಮಿಶನ್ ಛಾಪಖಾನೆಯ ಪುಸ್ತಕಗಳ ಹುಚ್ಚಿದ್ದರೆ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗುಂಡರ್ಟ್ ಪೋರ್ಟಲನ್ನೂ ಒಮ್ಮೆ ನೋಡಿ.

ಹುಡುಕುವ ಕಲೆ

ಆರ್ಕೈವ್‌ನಲ್ಲಿ ಕನ್ನಡ ಲಿಪಿಯಲ್ಲಿ ಹೆಸರು ಬರೆದು ಒತ್ತಿದರೆ ಎಷ್ಟೋ ಸಲ ಏನೂ ಬರುವುದಿಲ್ಲ. ಪುಸ್ತಕ ಇರುತ್ತದೆ, ಆದರೆ ಅದರ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತುಂಬಿರುತ್ತಾರೆ, ಅದೂ ತೋಚಿದ ಹಾಗೆ. 'ಮಾಧವ' ಅಂತ ಬರೆಯುವಾಗ ಒಬ್ಬರು ಒಂದೇ 'ಎ' ಹಾಕಿರುತ್ತಾರೆ, ಇನ್ನೊಬ್ಬರು ಎರಡು. ಒಬ್ಬರಿಗೆ 'ವ' ಅಂದರೆ 'ವಿ', ಮತ್ತೊಬ್ಬರಿಗೆ 'ಡಬ್ಲ್ಯು'. 'ಧ'ಕ್ಕೆ ಎಚ್ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಅದಕ್ಕೇ ಪೂರ್ತಿ ಹೆಸರು ಹಾಕಲೇಬೇಡಿ. ಹೆಸರಿನಲ್ಲಿ ಗೊಂದಲಕ್ಕೆ ಎಡೆಯಿಲ್ಲದ ಒಂದೇ ಪದ ಹಾಕಿ. ನಾಲ್ಕೈದು ಥರ ಬರೆದು ನೋಡಿ.

ಇನ್ನೂ ಒಳ್ಳೇ ಉಪಾಯವೆಂದರೆ ಹೆಸರನ್ನೇ ಬಿಟ್ಟುಬಿಡುವುದು. ಗೊತ್ತಿಲ್ಲದ ಲೇಖಕರ ಹೆಸರು ನಿಮಗಾದರೂ ಹೇಗೆ ಗೊತ್ತಿರಬೇಕು, ಅಲ್ವಾ? ಫಿಲ್ಟರ್‌ನಲ್ಲಿ ಭಾಷೆ ಕನ್ನಡ ಅಂತ ಆರಿಸಿ. ವರ್ಷ 1880ರಿಂದ 1925 ಇಟ್ಟುಕೊಳ್ಳಿ. ಆಮೇಲೆ ಪ್ರಹಸನ, ನಾಟಕ, ಚರಿತ್ರೆ, ಕಥೆಗಳು, ಪ್ರವಾಸ, ಹೀಗೆ ಬಗೆಯ ಹೆಸರು ಹಾಕಿ. ಧಾರವಾಡ, ಮಂಗಳೂರು ಅಂತ ಊರಿನ ಹೆಸರೂ ಹಾಕಬಹುದು. ಬರುವುದರಲ್ಲಿ ಅರ್ಧ ಕಸ. ಉಳಿದರ್ಧದಲ್ಲಿ ನೀವು ಕೇಳಿಯೇ ಇರದ ಹೆಸರುಗಳು ಸಾಲಾಗಿ ಬರುತ್ತವೆ. ನಾನು ಭಾನುವಾರ ಮಧ್ಯಾಹ್ನ ಸುಮ್ನೆ ಹೀಗೆ ತಡಕಾಡುತ್ತಾ ಕೂರುತ್ತೇನೆ. ಚೋರ್ ಬಜಾರ್ ಸುತ್ತಿದಂತೆ, ಬಿಸಿಲು ಮಾತ್ರ ಇಲ್ಲ.

ಕಾವ್ಯನಾಮದ ತೊಡಕೂ ಇದೆ. ಗಳಗನಾಥ ಎಂಬುದು ಊರಿನ ಹೆಸರು. ಲೇಖಕರ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಪಂಜೆ ಮಂಗೇಶರಾಯರು 'ಕವಿಶಿಷ್ಯ' ಎಂದೂ ಬರೆದರು. ಕೊಡಗಿನ ಗೌರಮ್ಮ ಗಂಡನ ಹೆಸರಿನ ಇನಿಷಿಯಲ್ ಹಾಕಿಕೊಂಡು ಬರೆದರು. ಒಂದು ಹೆಸರಿನಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ನೋಡಿ.

ಯಾವುದರಿಂದ ಶುರುಮಾಡಲಿ?

ಮುಂಬೈಯವರಾದ ನಾವು 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ'ದಿಂದ ಶುರುಮಾಡಬೇಕು ಅನ್ನುವುದು ನನ್ನ ಹಟ. ಬರೆದವರು ಹೊನ್ನಾವರದ ಹತ್ತಿರದ ಕರ್ಕಿಯಿಂದ ಮುಂಬೈಗೆ ಬಂದ ಸೂರಿ ವೆಂಕಟರಮಣ ಶಾಸ್ತ್ರಿ. ಇಲ್ಲಿಂದಲೇ 'ಹವ್ಯಕ ಸುಬೋಧ' ಎಂಬ ಪತ್ರಿಕೆಯನ್ನೂ ಹೊರಡಿಸಿದವರು. ನಾಟಕ ಅಚ್ಚಾದದ್ದು 1887ರಲ್ಲಿ, ಇದೇ ಊರಿನಲ್ಲಿ. ದುಡ್ಡು ತೆಗೆದುಕೊಂಡು ಸಣ್ಣ ಹುಡುಗಿಯರನ್ನು ಮುದುಕರಿಗೆ ಕೊಡುತ್ತಿದ್ದ ಪದ್ಧತಿಯನ್ನು ಗೇಲಿ ಮಾಡುವ ನಾಟಕ. ಹವ್ಯಕ ಮಾತು ಬರುವ ಕಡೆ ನನಗೆ ಕಾಲು ಭಾಗ ಅರ್ಥವಾಗಲಿಲ್ಲ. ನಮ್ಮ ಅತ್ತೆ ಹೊನ್ನಾವರದ ಕಡೆಯವರು. ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಅವರು ದೋಸೆ ಮಗುಚುತ್ತಾ ಒಂದೊಂದೇ ಮಾತು ಬಿಡಿಸಿ ಹೇಳಿದರು. ಒಂದು ಕಡೆ ಅವರು ನಗುತ್ತಾ ನಿಂತದ್ದಕ್ಕೆ ದೋಸೆ ಸೀದೇ ಹೋಯಿತು.

ಕಾದಂಬರಿ ಬೇಕಾದರೆ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'. ನಾನು ರೈಲಿನಲ್ಲಿ ಓದುತ್ತಿದ್ದ 1899ರ ಕಾದಂಬರಿ ಅದೇ. ಬರೆದವರು ಪೊಲೀಸ್ ಅಧಿಕಾರಿ. ವಿಧವೆಯೊಬ್ಬಳು ಓದಿ, ಮತ್ತೆ ಮದುವೆಯಾಗುವ ಕಥೆ. ಭಾಷಣ ಜಾಸ್ತಿ, ಆದರೆ ಡಂಭದ ಸನ್ಯಾಸಿಗಳನ್ನು ಅವರು ಹಿಡಿದು ನಿಲ್ಲಿಸುವ ರೀತಿಯಲ್ಲಿ ಪೊಲೀಸರ ಕಣ್ಣು ಕಾಣುತ್ತದೆ. ಎಂ.ಎಸ್. ಪುಟ್ಟಣ್ಣನವರ 'ಮಾಡಿದ್ದುಣ್ಣೋ ಮಹಾರಾಯ' (1915) ಅದಕ್ಕಿಂತ ನಿಧಾನ, ಆದರೆ ಹಳೇ ಮೈಸೂರಿನ ಊರಮಾತು ಕಿವಿಗೆ ಹಿತ.

ಚರಿತ್ರೆ, ಕತ್ತಿ, ಕುದುರೆ ಇಷ್ಟಪಡುವವರಿಗೆ ಗಳಗನಾಥರು. ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ಬಂಗಾಳಿ ಕಲಿತು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರು (1845–1914) ಒಂದು ಕಾಲದಲ್ಲಿ ಮನೆಮಾತು, ಈಗ ಕೇಳುವವರಿಲ್ಲ. ಬಾಗಲಕೋಟೆಯ ವಕೀಲ ಕೆರೂರು ವಾಸುದೇವಾಚಾರ್ಯರು ಷೇಕ್ಸ್‌ಪಿಯರನ ವೆನಿಸ್ ವ್ಯಾಪಾರಿಯನ್ನು 'ಸುರತ ನಗರದ ಶ್ರೇಷ್ಠಿ' ಮಾಡಿಬಿಟ್ಟರು. ನಮಗೆ ವೆನಿಸ್ ಎಲ್ಲೋ, ಸೂರತ್ ನಾಲ್ಕೈದು ಗಂಟೆ ರೈಲಿನ ದೂರ. ಸಣ್ಣ ಕಥೆಗಳಿಗೆ ಕೊಡಗಿನ ಗೌರಮ್ಮ. 1939ರಲ್ಲಿ, 27ನೇ ವಯಸ್ಸಿಗೇ ನೀರಿನಲ್ಲಿ ಮುಳುಗಿ ತೀರಿಕೊಂಡರು. ದಾದರ್‌ನಿಂದ ಠಾಣೆ ಬರುವಷ್ಟರಲ್ಲಿ ಅವರ ಒಂದು ಕಥೆ ಮುಗಿಯುತ್ತದೆ, ಮನೆ ಸೇರಿದರೂ ತಲೆಯಿಂದ ಹೋಗುವುದಿಲ್ಲ. ಕಥೆಯೇ ಬೇಡ ಅನ್ನುವವರಿಗೆ ವೆಂಕಟರಂಗೋ ಕಟ್ಟಿಯವರ ಗ್ಯಾಝೆಟಿಯರ್ ಇದೆ, 1893ರದ್ದು. ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳ ಬೆಳೆ, ಸಂತೆ, ಜಾತ್ರೆ ಎಲ್ಲ ಅದರಲ್ಲಿ. ನಿಮ್ಮ ಅಜ್ಜನ ಊರು ಇದೆಯಾ ನೋಡಿ.

ಓದುವಾಗ

ಹತ್ತು ಪುಟ ಕೊಡಿ. ಮೊದಲ ಮೂರು ಪುಟ ದೇವರ ಸ್ತುತಿ, ಪೀಠಿಕೆ, ವಾಚಕರಿಗೆ ವಿಜ್ಞಾಪನೆ ಅಂತಲೇ ಹೋಗುತ್ತದೆ. ಪುಟದ ಅಂಕಿ ಕನ್ನಡದಲ್ಲಿರುತ್ತದೆ. ಪ್ಯಾರಾ ಒಡೆಯುವ ಅಭ್ಯಾಸ ಆಗ ಕಡಿಮೆ, ವಾಕ್ಯ ಕಲ್ಯಾಣದಿಂದ ಕರ್ಜತ್‌ವರೆಗೆ ಹೋಗುತ್ತದೆ. ಬಾಯಲ್ಲಿ ಓದಿದರೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ತಾನಾಗಿ ಗೊತ್ತಾಗುತ್ತದೆ. ಹತ್ತು ಪುಟವಾದರೂ ಹಿಡಿಸಲಿಲ್ಲವೇ, ಬಿಡಿ. ಹಳೆಯದೆಲ್ಲ ಚೆನ್ನ ಅಂತ ಯಾರೂ ಹೇಳಿಲ್ಲ.

ತಿಳಿಯದ ಪದಕ್ಕೆ ಕಿಟ್ಟೆಲ್ ಕೋಶ (1894) ಪುಕ್ಕಟೆ ಸಿಗುತ್ತದೆ, ಅರ್ಥ ಇಂಗ್ಲಿಷಿನಲ್ಲಿ. ಫೋನಿನಲ್ಲಿ ಬೇಗ ನೋಡಲು 'ಅಲರ್' ಆನ್‌ಲೈನ್ ನಿಘಂಟು ಸಲೀಸು. ಆದರೆ ಧಾರವಾಡ, ಬಾಗಲಕೋಟೆ ಕಡೆಯ ಹಳೇ ಬರಹಕ್ಕೆ ನಮಗೆ ಮುಂಬೈಯವರಿಗೆ ನಿಘಂಟು ಅಷ್ಟಾಗಿ ಬೇಡ. ಅಲ್ಲಿ ಬರುವ ಎಷ್ಟೋ ಪದ ಮರಾಠಿಯಲ್ಲೂ ಇರುವಂಥವು: ಭಾನಗಡಿ, ಖಟ್ಲೆ, ತಜವೀಜು, ಅಡಚಣಿ. ಬೆಂಗಳೂರಿನ ನನ್ನ ತಂಗಿ ಇವುಗಳ ಮುಂದೆ ತಡವರಿಸುತ್ತಾಳೆ. ಸೊಸೈಟಿ ಮೀಟಿಂಗಿನಲ್ಲಿ ದಿನಾ ಮರಾಠಿ ಕೇಳುವ ನಮಗೆ ಇವು ಮನೆಯ ಮಾತು.

ಫೈಲು ಇಳಿಸುವುದನ್ನು ಮನೆಯ ವೈಫೈನಲ್ಲೇ ಮುಗಿಸಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಐವತ್ತು ಎಂಬಿ ದಾಟುವುದೂ ಉಂಟು. ರೈಲಿನಲ್ಲಿ ನೆಟ್ ನೆಚ್ಚಿಕೊಂಡರೆ ನಡುದಾರಿಯಲ್ಲಿ ಕೈ ಕೊಡುತ್ತದೆ. ಇಳಿಸಿದ ಕೂಡಲೇ ಫೈಲಿಗೆ ಕನ್ನಡದಲ್ಲಿ ಹೆಸರು ಕೊಡಿ. ಬರೀ ಅಂಕಿಗಳ ಹೆಸರಿನಲ್ಲಿ ಬಿಟ್ಟರೆ ಮೂರು ತಿಂಗಳ ಮೇಲೆ ನಿಮಗೇ ಸಿಗುವುದಿಲ್ಲ.

ಪುಟ ಇಲ್ಲದಿದ್ದರೆ

ಇಳಿಸಿದ ಮೇಲೆ ಓದುವ ಮೊದಲು ಒಂದು ಸಲ ಪುಟದ ಅಂಕಿಗಳನ್ನು ಸರಸರ ನೋಡಿಬಿಡಿ. ನಾನು ನೋಡಿರಲಿಲ್ಲ. ಒಂದು ಕಾದಂಬರಿಯಲ್ಲಿ ಮದುವೆ ನಿಲ್ಲುತ್ತದೋ ನಡೆಯುತ್ತದೋ ಅನ್ನುವ ಹೊತ್ತಿಗೆ 212ರಿಂದ ನೇರ 215. ನಡುವೆ ಸ್ಕ್ಯಾನ್ ಮಾಡಿದವರ ಹೆಬ್ಬೆರಳು ಮಾತ್ರ, ಉಗುರಿನ ಸಮೇತ. ಇಂಥಾ ಹೊತ್ತಿನಲ್ಲಿ ಮೊದಲು ಅದೇ ಪುಸ್ತಕದ ಬೇರೆ ಸ್ಕ್ಯಾನ್ ಇದೆಯಾ ನೋಡಿ, ಒಂದೇ ಪುಸ್ತಕ ಎರಡು ಮೂರು ಲೈಬ್ರರಿಗಳಿಂದ ಬಂದಿರುವುದುಂಟು. ಇಲ್ಲದಿದ್ದರೆ ಕಾಗದದ ಪ್ರತಿಯೇ ಗತಿ. ನಮ್ಮ ಊರಿನ ಕನ್ನಡ ಸಂಘಗಳ ಕಪಾಟುಗಳಲ್ಲಿ, ಕಲೀನಾದ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಕೇಳಿ ನೋಡಬಹುದು. ಸಂಘಗಳಲ್ಲಿ ಲೈಬ್ರರಿ ತೆರೆದಿರುವ ಹೊತ್ತು ಫೋನ್ ಮಾಡಿ ಕೇಳಿಕೊಂಡೇ ಹೋಗಿ.

ನನಗೆ ಮಾಟುಂಗಾದಲ್ಲಿ ಒಂದು ಕಪಾಟಿನ ಕೆಳಗಿನ ಸಾಲಿನಲ್ಲಿ ಸಿಕ್ಕಿತು, ಬೆನ್ನು ಕಿತ್ತುಹೋದ ಪ್ರತಿ. ಆ ಎರಡು ಪುಟದ ಫೋಟೋ ತೆಗೆದುಕೊಂಡು ರಾತ್ರಿ ಅತ್ತೆಗೆ ಓದಿ ಹೇಳಿದೆ. ಪುರೋಹಿತರಿಗೆ ಜ್ವರ ಬಂದು ಮುಹೂರ್ತ ಮುಂದಕ್ಕೆ ಹೋಗಿತ್ತು, ಅಷ್ಟೇ.

"ಇಷ್ಟಕ್ಕೆ ಮಾಟುಂಗಾದವರೆಗೆ ಹೋಗಿದ್ಯೇನೇ?" ಅಂದರು ಅತ್ತೆ. ಸ್ವಲ್ಪ ಹೊತ್ತು ಬಿಟ್ಟು, "ಮುಂದೆ ಓದು" ಅಂದರು.