ಅರ್ಧ ಮಾಡಿಟ್ಟ ಲಗ್ನಪತ್ರಿಕೆ ಯಾರ ಫೈಲು?

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ನಮ್ಮ ಡಿಟಿಪಿ ಅಂಗಡಿಯಲ್ಲಿ ಇರುವುದು ಒಂದೇ ಕಂಪ್ಯೂಟರು, ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯದು. ಅದರ ಮೇಲೆ ಬೆಳಿಗ್ಗೆ ಒಬ್ಬ ಹುಡುಗ, ಮಧ್ಯಾಹ್ನದ ನಂತರ ಇನ್ನೊಬ್ಬ, ರಾತ್ರಿ ಲೆಕ್ಕಕ್ಕೆ ನಾನು ಕೂರುತ್ತೇವೆ. ಮೂವರಿಗೂ ಬೇರೆ ಬೇರೆ ಖಾತೆ, ಕೆಲಸದ ಫೈಲುಗಳಿಗೆ ಮಾತ್ರ ಒಂದೇ ಫೋಲ್ಡರು. ಲಗ್ನದ ದಿನಗಳಲ್ಲಿ, ಬೆಳಿಗ್ಗೆಯವನು ಅರ್ಧ ಮಾಡಿಟ್ಟ ಪತ್ರಿಕೆಯಲ್ಲಿ ಮುಹೂರ್ತದ ವೇಳೆ ತಿದ್ದಲು ಹೋದ ಎರಡನೆಯವನು, ಗಿರಾಕಿಯ ಎದುರಿಗೇ, "ಅಣ್ಣಾ, ಸೇವ್ ಆಗವಲ್ದು ನೋಡ್ರಿ" ಎನ್ನುತ್ತಿದ್ದ.

ಅವಸರದಲ್ಲಿ ನಾನು ಇಡೀ ಫೋಲ್ಡರಿಗೆ ಸಿಎಚ್‌ಮಾಡ್ 777 ಹಾಕಿದೆ; ಹಕ್ಕು ಬದಲಿಸುವ ಈ ಆಜ್ಞೆಯಲ್ಲಿ 777 ಅಂದರೆ ಎಲ್ಲರಿಗೂ ಎಲ್ಲ ಹಕ್ಕು. ಹಳೆಯ ಫೈಲುಗಳೇನೋ ತೆರೆದುಕೊಂಡವು, ಆದರೆ ಮರುದಿನ ಹುಟ್ಟಿದ ಹೊಸ ಫೈಲು ಮತ್ತೆ 644 ಆಗಿಯೇ ಬಂತು. ಅಂದರೆ ಒಡೆಯನು ತಿದ್ದಬಹುದು, ಉಳಿದವರು ಓದಬಹುದು, ಅಷ್ಟೇ. ಮೇಲಾಗಿ ಫೈಲನ್ನು ಅಳಿಸುವ ಹಕ್ಕು ಇರುವುದು ಫೈಲಿನಲ್ಲಲ್ಲ, ಅದು ಇರುವ ಫೋಲ್ಡರಿನಲ್ಲಿ. ಹೀಗಾಗಿ ಆ ಕಂಪ್ಯೂಟರಿನಲ್ಲಿ ಖಾತೆಯಿದ್ದ ಯಾರು ಬೇಕಾದರೂ ಗಿರಾಕಿಯ ಕೆಲಸವನ್ನು ಅಳಿಸಬಹುದಾದ ಸ್ಥಿತಿಯನ್ನು ನಾನೇ ಮಾಡಿಟ್ಟಿದ್ದೆ.

ಆಮೇಲೆ 'ಪತ್ರಿಕೆ' ಎಂಬ ಗುಂಪು ಮಾಡಿ ಮೂವರನ್ನೂ ಅದಕ್ಕೆ ಸೇರಿಸಲು ಹೊರಟೆ. ಇಲ್ಲಿ ಆದ ತಪ್ಪು ಇವತ್ತಿಗೂ ನೆನಪಿದೆ. ಖಾತೆಯನ್ನು ಬದಲಿಸುವ ಯೂಸರ್‌ಮಾಡ್ ಆಜ್ಞೆಗೆ -ಎಜಿ (-aG) ಎಂದು ಕೊಡಬೇಕಾದಲ್ಲಿ ಬರೀ -ಜಿ (-G) ಕೊಟ್ಟೆ. 'ಎ' ಇದ್ದರೆ ಇರುವ ಗುಂಪುಗಳ ಜೊತೆಗೆ ಹೊಸದು ಸೇರುತ್ತದೆ. ಇಲ್ಲದಿದ್ದರೆ ಹಳೆಯ ಹೆಚ್ಚುವರಿ ಗುಂಪುಗಳೆಲ್ಲ ಹೋಗಿ ಹೊಸದೊಂದೇ ಉಳಿಯುತ್ತದೆ. ನನ್ನ ಖಾತೆ, ಆಡಳಿತದ ಹಕ್ಕು ಕೊಡುವ ಸುಡೊ ಗುಂಪಿನಿಂದಲೇ ಹೊರಬಿತ್ತು. ಕಂಪ್ಯೂಟರಿನ ಯಜಮಾನನಾದ ನನಗೇ ಏನೂ ಮಾಡಲಾಗದಂತಾಯಿತು. ಕೊನೆಗೆ ಕಂಪ್ಯೂಟರು ಶುರುವಾಗುವಾಗ ಬರುವ ಗ್ರಬ್ ಮೆನುವಿನಿಂದ, ರಿಪೇರಿಗೆಂದಿರುವ ರಿಕವರಿ ಮೋಡಿಗೆ ಹೋಗಿ, ಎಲ್ಲ ಹಕ್ಕೂ ಇರುವ ರೂಟ್ ಶೆಲ್ಲಿನಲ್ಲಿ ಡಿಸ್ಕನ್ನು ಬರೆಯಲು ಬರುವಂತೆ ಮತ್ತೆ ಮೌಂಟ್ ಮಾಡಿ, ನನ್ನನ್ನು ನಾನೇ ಸುಡೊಗೆ ಸೇರಿಸಿಕೊಂಡೆ.

ಫೋಲ್ಡರಿನ ಗುಂಪನ್ನು ಸಿಎಚ್‌ಜಿಆರ್‌ಪಿಯಿಂದ 'ಪತ್ರಿಕೆ'ಗೆ ಬದಲಿಸಿ 2770 ಹಾಕಿದೆ: ಒಡೆಯನಿಗೂ ಗುಂಪಿಗೂ ಎಲ್ಲ ಹಕ್ಕು, ಹೊರಗಿನವರಿಗೆ ಏನೂ ಇಲ್ಲ. ಮೊದಲಿನ ಆ 2 ಸೆಟ್‌ಜಿಐಡಿ: ಅದರಿಂದ ಒಳಗೆ ಹುಟ್ಟುವ ಪ್ರತಿ ಫೈಲೂ ಮಾಡಿದವನ ಸ್ವಂತ ಗುಂಪನ್ನು ಬಿಟ್ಟು ಫೋಲ್ಡರಿನ ಗುಂಪನ್ನೇ ಪಡೆಯುತ್ತದೆ. ಆದರೂ ಗುಂಪಿಗೆ ತಿದ್ದುವ ಹಕ್ಕು ಸಿಗಲಿಲ್ಲ, ಏಕೆಂದರೆ ಹೊಸ ಫೈಲಿನಿಂದ ಕೆಲವು ಹಕ್ಕು ತೆಗೆಯುವ ಸೆಟ್ಟಿಂಗಾದ ಯುಮಾಸ್ಕ್ 022 ಅದನ್ನು ಕತ್ತರಿಸುತ್ತಿತ್ತು. ಸೆಟ್‌ಎಫ್‌ಎಸಿಎಲ್‌ನಿಂದ ಫೋಲ್ಡರಿಗೆ ಡೀಫಾಲ್ಟ್ ಎಸಿಎಲ್ (ಒಳಗೆ ಹುಟ್ಟುವ ಫೈಲುಗಳ ಮೇಲೆ ಯಾರಿಗೆ ಯಾವ ಹಕ್ಕು ಎಂಬ ಪಟ್ಟಿ) ಕೊಟ್ಟ ಮೇಲೆ, ಅಲ್ಲಿ ಯುಮಾಸ್ಕಿನ ಆಟ ನಡೆಯಲಿಲ್ಲ. ಹುಡುಗರು ಲಾಗ್‌ಔಟ್ ಆಗಿ ಮತ್ತೆ ಬರುವವರೆಗೆ ಹೊಸ ಗುಂಪು ಅವರಿಗೆ ಅನ್ವಯಿಸಲಿಲ್ಲ. ಇದು ತಿಳಿಯದೆ ಅರ್ಧ ಗಂಟೆ ಎಲ್ಲ ಆಜ್ಞೆಗಳನ್ನೂ ಮತ್ತೆ ಮತ್ತೆ ಕೊಟ್ಟಿದ್ದೇನೆ.

ಒಂದು ತೊಡಕು ಈಗಲೂ ಆಗೊಮ್ಮೆ ಈಗೊಮ್ಮೆ ಬರುತ್ತದೆ. ತನ್ನ ಮನೆ ಫೋಲ್ಡರಿನಲ್ಲಿ ಮಾಡಿದ ಪತ್ರಿಕೆಯನ್ನು ಹುಡುಗ ಹಂಚಿಕೆಯ ಫೋಲ್ಡರಿಗೆ ಕಾಪಿ ಮಾಡಿದರೆ ಫೋಲ್ಡರಿನ ಗುಂಪಾದರೂ ಸಿಗುತ್ತದೆ. ಎಳೆದು ಸರಿಸಿದರೆ, ಒಂದೇ ಡಿಸ್ಕಿನೊಳಗಾದ್ದರಿಂದ, ಹಳೆಯ ಗುಂಪು ಮತ್ತು ಹಕ್ಕುಗಳೇ ಅದಕ್ಕೆ ಅಂಟಿಕೊಂಡು ಬರುತ್ತವೆ. ಆಗ ಮಧ್ಯಾಹ್ನ ನನಗೆ ಮತ್ತೆ ಫೋನು ಬರುತ್ತದೆ.