ಹತ್ತು ನಿಮಿಷ ಓಡಿ ಆಫ್ ಆಗುವ ಹಳೇ ಕಾರು: ನನ್ನ ಅನುಭವ

15 ವರ್ಷ ಶೆಡ್ಡಿನಲ್ಲಿ ನಿಂತಿದ್ದ ಕಾರ್ಬ್ಯುರೇಟರ್ ಕಾರು. ನಾನು ಮೊದಲೇ ಸೆಲ್ಫ್ ಹೊಡೆಯಲು ಹೋಗಲಿಲ್ಲ. ಒಣಗಿದ ಪಿಸ್ಟನ್ ರಿಂಗ್ ಸಿಲಿಂಡರ್ ಗೋಡೆಯನ್ನು ಗೀರುತ್ತೆ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಸುಮಾರು 10 ಮಿ.ಲೀ. ಎಂಜಿನ್ ಆಯಿಲ್ ಬಿಟ್ಟು, ಎರಡು ದಿನ ಕಳೆದು ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು ಎಂಜಿನ್ನನ್ನು ಕೈಯಲ್ಲೇ ತಿರುಗಿಸಿದೆ.

ಸ್ಟಾರ್ಟೇನೋ ಆಯಿತು, ಹತ್ತು ನಿಮಿಷಕ್ಕೆ ಆಫ್. ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್. ಇಂಥ ಹೊತ್ತಲ್ಲಿ ಕಾಯಿಲ್ (ಪ್ಲಗ್‌ಗೆ ಕಿಡಿ ಕೊಡುವ ಭಾಗ) ಬದಲಿಸಿ ಅನ್ನೋರೇ ಜಾಸ್ತಿ. ದುಡ್ಡು ಹಾಕುವ ಮೊದಲು, ಆಫ್ ಆದ ಎಂಜಿನ್ ತಣಿದ ಮೇಲೆ ಮತ್ತೆ ಸೆಲ್ಫ್ ಹೊಡೆಯದೆ ಫ್ಲೋಟ್ ಬೌಲ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಬಿಚ್ಚಿ ನೋಡಿ. ನನ್ನ ಕಾರಿನಲ್ಲಿ ಅದರ ತಳದಲ್ಲಿ ಕಂದು ಪುಡಿ, ಪೆಟ್ರೋಲ್ ಇಲ್ಲವೇ ಇಲ್ಲ. ಪಂಪ್ ಎಳೆದಾಗ ಟ್ಯಾಂಕಿನ ತುಕ್ಕಿನ ಚಕ್ಕೆಗಳು ಟ್ಯಾಂಕಿನೊಳಗಿನ ಜಾಲರಿಗೆ ಅಂಟಿ ಪೆಟ್ರೋಲ್ ತಡೆಯುತ್ತವೆ. ಎಳೆತ ನಿಂತರೆ ಉದುರುತ್ತವೆ. ಅದಕ್ಕೇ ಈ ಅರ್ಧ ಗಂಟೆಯ ಆಟ.

ಟ್ಯಾಂಕ್ ಇಳಿಸಿ, ಹಳೇ ಪೆಟ್ರೋಲಿನ ಅಂಟು ಹೋಗುವಷ್ಟು ಡಿಟರ್ಜೆಂಟ್ ಬಿಸಿನೀರಲ್ಲಿ ತೊಳೆದೆ. ಅಂಟು ಉಳಿದಿದ್ದರೆ ಆಸಿಡ್ ತುಕ್ಕನ್ನು ಮುಟ್ಟಲ್ಲ. ಆಮೇಲೆ ಲೀಟರ್ ನೀರಿಗೆ 60 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ಬಾಯಿಮಟ್ಟ ತುಂಬಿಸಿ 24 ಗಂಟೆ ಇಟ್ಟೆ. ಅಡಿಗೆ ಸೋಡಾ ನೀರಲ್ಲಿ ಜಾಲಾಡಿಸಿ ತಕ್ಷಣ ಒಣಗಿಸಬೇಕು, ತಡವಾದರೆ ಕೇಸರಿ ತುಕ್ಕು ವಾಪಸ್. ಪೆಟ್ರೋಲ್ ಹೋಸ್ ಅನ್ನು ಪೆಟ್ರೋಲಿಗೆ ಬೆರೆಸುವ ಎಥನಾಲ್ ತಾಳುವಂಥದ್ದು ಹಾಕಿ, ಪಂಪಿನ ಮುಂಚೆ ಪಾರದರ್ಶಕ ಫಿಲ್ಟರ್ ಕೂರಿಸಿದೆ.