ಊಟ ಬಿಟ್ಟ ಆಮೆ ಮರಿ: ಮೊದಲು ಬೆಚ್ಚಗಿಡಿ, ತಿನ್ನಿಸುವುದು ಆಮೇಲೆ

ಕಳೆದ ಜುಲೈಯಲ್ಲಿ ಶಿರಸಿಯಿಂದ ತಂಗಿಯ ಮಗಳು ಫೋನ್ ಮಾಡಿದಳು. "ದೊಡ್ಡಮ್ಮಾ, ಆಮೆ ಮರಿ ನಾಲ್ಕು ದಿನದಿಂದ ಏನೂ ತಿಂತಿಲ್ಲ. ಕಣ್ಣೂ ಬಿಡ್ತಿಲ್ಲ. ಏನು ಕೊಡ್ಲಿ?" ಹಿಂದಿನಿಂದ ತಂಗಿಯ ದನಿ ಕೇಳಿಸಿತು: "ಅಕ್ಕಾ, ಹಾಲು-ಅನ್ನ ಕೊಟ್ರೆ ಆಗ್ತದಾ?"

ಎಲ್ಲರೂ ಮೊದಲು ಕೇಳುವುದು ಇದನ್ನೇ. ಏನು ಕೊಡಲಿ? ಹಲವು ವರ್ಷಗಳ ಹಿಂದೆ ಕಾರವಾರದ ನಮ್ಮ ಮನೆಯಲ್ಲಿ ಇಂಥದೇ ಒಂದು ಮರಿ ಊಟ ಬಿಟ್ಟಾಗ ನಾನೂ ಇದನ್ನೇ ಕೇಳಿದ್ದೆ. ಯಾರೂ ಸರಿಯಾಗಿ ಹೇಳಲಿಲ್ಲ. ಚಿಮಟದಿಂದ ಬಾಯಿ ಬಿಡಿಸಿ ಮೀನಿನ ಚೂರು ತುರುಕಿದೆ. ಮೂರನೆಯ ದಿನ ಮರಿ ಸತ್ತುಹೋಯಿತು. ಆಮೇಲೆ ಒಬ್ಬ ಪಶುವೈದ್ಯರು ತಿಳಿಸಿ ಹೇಳಿದರು. ಆಮೆಗೆ ನಮ್ಮ ಹಾಗೆ ಮೈಯೊಳಗೆ ಬಿಸಿ ಹುಟ್ಟುವುದಿಲ್ಲ. ಸುತ್ತಲಿನ ಬಿಸಿಯೇ ಅದರ ಮೈಬಿಸಿ. ಮೈ ತಣ್ಣಗಾದರೆ ಹೊಟ್ಟೆ ಕೆಲಸ ನಿಲ್ಲಿಸುತ್ತದೆ. ಆಗ ಒಳಗೆ ಹೋದ ಆಹಾರ ಕರಗದೆ ಅಲ್ಲೇ ಕೊಳೆಯುತ್ತದೆ. ಮರಿ ಬಾಯಿ ಮುಚ್ಚಿಕೊಂಡದ್ದು ಹಟದಿಂದಲ್ಲ, ಜೀವ ಉಳಿಸಿಕೊಳ್ಳಲು.

ಹಾಗಾಗಿ ಕ್ರಮ ಇಷ್ಟು: ಮೊದಲು ಬಿಸಿ, ಆಮೇಲೆ ನೀರು, ಕೊನೆಗೆ ತಿಂಡಿ. ಇದನ್ನು ತಿರುವುಮುರುವು ಮಾಡಬೇಡಿ.

ಯಾವ ಆಮೆ ಅಂತ ನೋಡಿ

ಕನ್ನಡದಲ್ಲಿ ನೆಲದ ಮೇಲಿರುವುದೂ ಆಮೆ, ಕೆರೆಯಲ್ಲಿರುವುದೂ ಆಮೆ. ಕಾರವಾರದ ಕೊಂಕಣಿ ಮನೆಗಳಲ್ಲೂ ಎಲ್ಲವೂ ಕಾಸವವೇ. ಆದರೆ ಆರೈಕೆ ಒಂದೇ ಅಲ್ಲ. ಕಾಲು ನೋಡಿದರೆ ಗೊತ್ತಾಗುತ್ತದೆ. ಆನೆಯ ಕಾಲಿನ ಹಾಗೆ ದುಂಡಗೆ, ಮೊಂಡಾಗಿದ್ದರೆ ನೆಲದ ಆಮೆ. ಬೆರಳುಗಳ ನಡುವೆ ಬಾತುಕೋಳಿಯ ಹಾಗೆ ಪೊರೆ ಇದ್ದರೆ ನೀರಿನ ಆಮೆ. ಕಾಲಿನ ಜಾಗದಲ್ಲಿ ದೋಣಿಯ ಹುಟ್ಟಿನಂಥ ರೆಕ್ಕೆ ಇದ್ದರೆ ಕಡಲಾಮೆ.

ಕಡಲಾಮೆ ಮರಿಯನ್ನು ಮನೆಗೆ ತರಲೇಬೇಡಿ. ಕಾರವಾರದಿಂದ ಹೊನ್ನಾವರದ ಕಾಸರಕೋಡ ಟೊಂಕದವರೆಗೆ ನಮ್ಮ ಕಡಲತೀರದಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡುತ್ತವೆ. ಸುಮಾರು 45ರಿಂದ 60 ದಿನಕ್ಕೆ ಮರಿ ಹೊರಬರುತ್ತದೆ. ಮೊದಲ ಕೆಲವು ದಿನ ಅದಕ್ಕೆ ಹೊಟ್ಟೆಯೊಳಗೆ ಉಳಿದ ಮೊಟ್ಟೆಯ ಹಳದಿಯೇ ಊಟ. ಬಕೆಟ್ ನೀರಿಗೆ ಹಾಕಿ "ತಿಂತಿಲ್ಲ" ಅಂತ ಕಂಗಾಲಾಗುವ ಬದಲು ಅರಣ್ಯ ಇಲಾಖೆಗೆ ಫೋನ್ ಮಾಡಿ.

ಮಳೆಗಾಲದಲ್ಲಿ ಅಡಿಕೆ ತೋಟದ ಕಾದಿಗೆ ಅನ್ನುವ ನೀರುಕಾಲುವೆಯಲ್ಲಿ, ಗದ್ದೆಯ ಬದುವಿನಲ್ಲಿ ಸಿಗುವ ಕಪ್ಪು ಆಮೆ ಮರಿಗೂ ಇದೇ ಮಾತು. ಮಕ್ಕಳು ಖುಷಿಯಿಂದ ಎತ್ತಿ ತರುತ್ತಾರೆ. ಎರಡು ದಿನವಾದರೂ ಅದು ಏನೂ ತಿನ್ನುವುದಿಲ್ಲ. ಅದಕ್ಕೆ ಕಾಯಿಲೆಯೇನೂ ಇರುವುದಿಲ್ಲ, ಹೆದರಿಕೆ ಅಷ್ಟೆ. ಮೈಮೇಲೆ ಗಾಯ ಇಲ್ಲದೆ, ಮುಟ್ಟಿದರೆ ಕಾಲು ಜೋರಾಗಿ ಒದೆಯುತ್ತಿದ್ದರೆ ಎತ್ತಿದ ಜಾಗದಲ್ಲೇ ಬಿಟ್ಟುಬನ್ನಿ. ಅದೇ ಕಾದಿಗೆ, ಅದೇ ಬದು. ಬೇರೆ ಊರಿನ ಕೆರೆ ಬೇಡ.

ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳ ನಕ್ಷತ್ರ ಇದ್ದರೆ ಅದು ನಕ್ಷತ್ರ ಆಮೆ. ಒಣ ಬಯಲುಸೀಮೆಯ ಪ್ರಾಣಿ ಅದು, ನಮ್ಮ ಜಡಿಮಳೆಯ ಕಾಡಿನದಲ್ಲ. ಕರಾವಳಿಯಲ್ಲಿ ಕಂಡರೆ ಯಾರೋ ತಂದಿದ್ದಾರೆ ಅಂತಲೇ ಅರ್ಥ. ಮನೆಯಲ್ಲಿದ್ದರೆ ಅದೃಷ್ಟ ಅಂತ ನಂಬಿಸಿ ಮಾರುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. 2019ರಿಂದ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಪೂರ್ತಿ ನಿಷೇಧವಿದೆ. ಕೇಸಿಗೆ ಹೆದರಿ ಮುಚ್ಚಿಡುವವರು ಇದ್ದಾರೆ. ಹಾಗೆ ಮುಚ್ಚಿಟ್ಟ ಡಬ್ಬಿಯಲ್ಲೇ ಎಷ್ಟೋ ಮರಿಗಳು ಸಾಯುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926. ಕಾರವಾರ, ಹೊನ್ನಾವರ, ಶಿರಸಿ, ಯಲ್ಲಾಪುರ, ಹಳಿಯಾಳ, ಐದೂ ಕಡೆ ಅರಣ್ಯ ವಿಭಾಗದ ಕಚೇರಿಗಳಿವೆ. ಅವರು ಬಂದು ತೆಗೆದುಕೊಂಡು ಹೋಗುವವರೆಗೆ ಬೆಚ್ಚಗಿಡುವುದು, ನೀರು ತೋರಿಸುವುದು ಎರಡನ್ನು ಮಾತ್ರ ಮಾಡಿ.

ನಮ್ಮ ಮನೆಗಳಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಜಾಸ್ತಿ ಕಾಣುವುದು ಹಸಿರು ಚಿಪ್ಪು, ಕಣ್ಣ ಹಿಂದೆ ಕೆಂಪು ಪಟ್ಟಿ ಇರುವ ರೆಡ್ ಇಯರ್ಡ್ ಸ್ಲೈಡರ್. ಇದು ಅಮೆರಿಕ ಮೂಲದ ನೀರಾಮೆ. ಶಿರಸಿಯಲ್ಲಿ ಊಟ ಬಿಟ್ಟಿದ್ದೂ ಇದೇ. ಸಾಕಲಾಗದೆ ಕೆರೆಗೋ ಕಾಳಿ ನದಿಗೋ ಬಿಟ್ಟುಬಿಡೋಣ ಅನ್ನುವವರಿಗೆ ಕೈಮುಗಿದು ಹೇಳುತ್ತೇನೆ, ಬೇಡ. ಇದು ನಮ್ಮ ಆಮೆಗಳ ಜಾಗ, ಆಹಾರ ಎರಡನ್ನೂ ಕಸಿಯುತ್ತದೆ.

ಬಿಸಿ

"ಮೊದಲು ಥರ್ಮಾಮೀಟರ್ ನೋಡು" ಅಂದೆ ತಂಗಿಯ ಮಗಳಿಗೆ. ಪೆಟ್ಟಿಗೆಯ ನೀರು 22 ಡಿಗ್ರಿ ಇತ್ತು. ಶಿರಸಿಯ ಮಳೆಗಾಲ ಅಂದರೆ ಹಾಗೇ ಅಲ್ವಾ? ವಾರಗಟ್ಟಲೆ ಬಿಸಿಲಿಲ್ಲ, ಒಗೆದ ಬಟ್ಟೆ ಒಲೆಯ ಮೇಲೆ ಒಣಗಬೇಕು. ನಮಗೆ ಅದು ಹಿತವಾದ ತಂಪು. ಬೆರಳುದ್ದದ ಆಮೆ ಮರಿಗೆ ಅದೇ ಕಾಯಿಲೆಯ ಬುಡ.

ಒಂದು ಅಗಲವಾದ ಪ್ಲಾಸ್ಟಿಕ್ ಟಬ್ ತೆಗೆದುಕೊಳ್ಳಿ. ತಳಕ್ಕೆ ಹಳೆಯ ಟವೆಲ್ ಅಥವಾ ಪೇಪರ್ ಹಾಸಿ. ಮರಳು, ಮರದ ಹೊಟ್ಟು ಬೇಡ. ಒಂದು ಮೂಲೆಯ ಮೇಲೆ ಮಾತ್ರ 40 ವ್ಯಾಟಿನ ಹಳೇ ಕಾಲದ ತಂತಿ ಬಲ್ಬ್ ಇಳಿಬಿಡಿ. ಎಲ್‌ಇಡಿ ಬಲ್ಬ್ ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ. ಬಲ್ಬಿನ ಕೆಳಗೆ 30ರಿಂದ 32 ಡಿಗ್ರಿ, ಇನ್ನೊಂದು ತುದಿಯಲ್ಲಿ 26-27 ಇರಲಿ. ಜಾಸ್ತಿ ಅನ್ನಿಸಿದರೆ ಮರಿ ತಾನೇ ಸರಿದು ಹೋಗಲು ತಂಪಿನ ಮೂಲೆ ಬೇಕೇ ಬೇಕು. ಅಲ್ಲಿ ಒಡೆದ ಮಡಕೆಯ ಚೂರನ್ನೋ ಅರ್ಧ ಕರಟವನ್ನೋ ಕವುಚಿಡಿ, ಅಡಗಿಕೊಳ್ಳಲಿ. ಬಲ್ಬನ್ನು ಎಷ್ಟು ಎತ್ತರದಲ್ಲಿ ಕಟ್ಟಬೇಕು ಅನ್ನುವುದನ್ನು ಥರ್ಮಾಮೀಟರ್ ಹೇಳಲಿ, ಕೈಯ ಅಂದಾಜು ಬೇಡ.

ಮಳೆಗಾಲದಲ್ಲಿ ಕರೆಂಟು ಹೋಗುವುದು ನಮಗೇನೂ ಹೊಸದಲ್ಲ. ಬಚ್ಚಲ ಹಂಡೆಯ ಬಿಸಿನೀರನ್ನು ಬಾಟಲಿಗೆ ತುಂಬಿ, ದಪ್ಪ ಬಟ್ಟೆ ಸುತ್ತಿ ಟಬ್ಬಿನ ಒಂದು ಬದಿಗಿಡಿ. ಎರಡು ತಾಸಿಗೊಮ್ಮೆ ಬದಲಿಸಿ. ತಂಗಿ ಆ ವಾರ ರಾತ್ರಿ ಎರಡು ಸಲ ಎದ್ದು ಬಾಟಲಿ ಬದಲಿಸಿದ್ದಾಳೆ.

ಸ್ಲೈಡರ್ ನೀರಾಮೆಯಾದರೂ ಕಾಯಿಲೆಯ ದಿನಗಳಲ್ಲಿ ಆಳ ನೀರಿನಲ್ಲಿ ಬಿಡಬೇಡಿ. ಸುಸ್ತಾದ ಮರಿ ಮುಳುಗಿ ಸಾಯುತ್ತದೆ. ಹೆಚ್ಚು ಹೊತ್ತು ಒಣ ಜಾಗದ ಬೆಚ್ಚಗೆಯಲ್ಲೇ ಇರಲಿ.

ಬಿಸಿಲು ಬಿದ್ದ ದಿನ ಬೆಳಗಿನ ಎಳೆಬಿಸಿಲಿಗೆ 15-20 ನಿಮಿಷ ಇಡಿ, ಅರ್ಧ ಜಾಗಕ್ಕೆ ನೆರಳು ಮಾಡಿ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಇಲ್ಲದಿದ್ದರೆ ತಿಂದ ಸುಣ್ಣಾಂಶ ಮೈಗೆ ಹತ್ತುವುದಿಲ್ಲ, ಚಿಪ್ಪು ಮೆತ್ತಗಾಗುತ್ತದೆ. ಕಿಟಕಿ ಗಾಜಿನ ಹಿಂದೆ ಇಟ್ಟರೆ ಆ ಕಿರಣ ಒಳಗೆ ಬರುವುದಿಲ್ಲ. ಗಾಜಿನ ಪೆಟ್ಟಿಗೆಯನ್ನೇ ಬಿಸಿಲಿಗಿಟ್ಟರಂತೂ ಮರಿ ಒಳಗೇ ಬೇಯುತ್ತದೆ. ಪಕ್ಕದಲ್ಲೇ ಕೂತಿರಿ, ಕಾಗೆಗೆ ಒಂದು ನಿಮಿಷ ಸಾಕು.

ನೀರು

ಮೈ ಬೆಚ್ಚಗಾದ ಮೇಲೆ ಸ್ನಾನ. ಊಟ ಬಿಟ್ಟ ಮರಿಯಲ್ಲಿ ನೀರಿನಂಶ ಇಳಿದಿರುತ್ತದೆ, ಕಣ್ಣು ಒಳಗೆ ಹೋಗಿರುತ್ತದೆ. ಒಂದು ಬೋಗುಣಿಗೆ ಉಗುರುಬೆಚ್ಚಗಿನ ನೀರು ಹಾಕಿ. ಕೂಸಿನ ಸ್ನಾನಕ್ಕೆ ಮೊಣಕೈ ಅದ್ದಿ ನೋಡುತ್ತೇವಲ್ಲ, ಹಾಗೆ ನೋಡಿ. ನೀರು ಮರಿಯ ಗದ್ದದ ಕೆಳಗೇ ಇರಬೇಕು, ತಲೆ ಎತ್ತದೆಯೂ ಮೂಗು ಹೊರಗಿರಬೇಕು. 15ರಿಂದ 20 ನಿಮಿಷ, ದಿನಕ್ಕೆ ಎರಡು ಸಲ. ತಣ್ಣಗಾಗುತ್ತಿದ್ದಂತೆ ನೀರು ಬದಲಿಸಿ. ನೆಲದ ಆಮೆಗೂ ಇದೇ ಉಪಚಾರ.

ಎರಡನೆಯ ದಿನ ತಂಗಿ ವಿಡಿಯೊ ಕಳಿಸಿದಳು. ಮೊದಲು ಐದಾರು ನಿಮಿಷ ಮರಿ ಕಲ್ಲಿನ ಹಾಗೆ ಕೂತಿತ್ತು. ಆಮೇಲೆ ಕತ್ತು ಮೆಲ್ಲಗೆ ಹೊರಗೆ ಬಂತು. ಮೂಗಿನ ತುದಿ ನೀರಿಗೆ ತಾಗಿತು. ಕತ್ತಿನ ಕೆಳಗಿನ ತೆಳು ಚರ್ಮ ಒಳಗೆ ಹೊರಗೆ ಆಡತೊಡಗಿತು. ನೀರು ಕುಡಿಯುತ್ತಿತ್ತು! ಸ್ವಲ್ಪ ಹೊತ್ತಿಗೆ ಬೋಗುಣಿಯ ತಳದಲ್ಲಿ ಕಪ್ಪು ದಾರದಂಥ ಹಿಕ್ಕೆ ಬಿತ್ತು. ತಂಗಿಗೆ ಗಾಬರಿ, ನನಗೆ ಸಮಾಧಾನ. ಹೊಟ್ಟೆ ಕೆಲಸ ಶುರುಮಾಡಿತ್ತು. ನೆಲದ ಆಮೆಯಾದರೆ ಸುಣ್ಣದ ನೀರಿನಂಥ ಬಿಳಿ ಲೋಳೆಯೂ ಬೀಳುತ್ತದೆ. ಅದು ಸಹಜ. ಅದೇ ಬಿಳಿ ಮರಳಿನ ಹಾಗೆ ಗಟ್ಟಿಯಾಗಿದ್ದರೆ ಮೈಯಲ್ಲಿ ನೀರು ಸಾಲದು ಅಂತ ತಿಳಿಯಿರಿ.

ಇನ್ನು ತಿಂಡಿ

ಎರಡು ಮೂರು ದಿನ ಬಿಸಿ, ನೀರು ಸರಿಯಾಗಿ ಸಿಕ್ಕಿದ ಮೇಲೆ ತಿಂಡಿ ತೋರಿಸಿ. ತೋರಿಸಿ ಅಷ್ಟೆ, ತುರುಕಬೇಡಿ. ಬಾಯಿ ಬಿಡಿಸಿದರೆ ದವಡೆ ಮುರಿಯಬಹುದು, ಆಹಾರ ಶ್ವಾಸಕೋಶಕ್ಕೆ ಹೋಗಬಹುದು. ಕೊಳವೆ ಹಾಕಿ ತಿನ್ನಿಸುವುದು ವೈದ್ಯರ ಕೆಲಸ.

ಹಾಲು, ಅನ್ನ, ಬ್ರೆಡ್, ಬಿಸ್ಕೆಟ್ ಯಾವ ಆಮೆಗೂ ಬೇಡ. ನೆಲದ ಆಮೆ ಸೊಪ್ಪು ತಿನ್ನುವ ಪ್ರಾಣಿ. ದಾಸವಾಳದ ಎಲೆ, ಹೂವು, ನುಗ್ಗೆ ಸೊಪ್ಪು, ಗರಿಕೆ ಒಳ್ಳೆಯದು. ಕೆಂಪು ದಾಸವಾಳದ ಎಸಳನ್ನು ಮೂಗಿನ ಮುಂದೆ ಆಡಿಸಿದರೆ ಎಂಥ ಮಂಕು ಮರಿಯೂ ಒಮ್ಮೆ ಕತ್ತು ಚಾಚುತ್ತದೆ. ಬಸಳೆ, ಪಾಲಕ್ ದಿನಾ ಬೇಡ, ಅವು ಸುಣ್ಣಾಂಶವನ್ನು ಕಟ್ಟಿಹಾಕುತ್ತವೆ.

ಸ್ಲೈಡರ್ ಮರಿಗೆ ನೀರಿನಲ್ಲೇ ಕೊಡಬೇಕು, ನೀರಿಲ್ಲದೆ ಅದಕ್ಕೆ ನುಂಗಲು ಬರುವುದಿಲ್ಲ. ಇಲ್ಲಿ ನಮ್ಮ ಕರಾವಳಿಯ ದೊಡ್ಡ ತಪ್ಪೊಂದಿದೆ: ಒಣ ಸೀಗಡಿ. ಮೂರೂ ಹೊತ್ತು ಅದೇ. "ಇದೊಂದೇ ಸಾಕು" ಅಂತ ಮಾರಿದವರೇ ಹೇಳಿ ಕಳಿಸುತ್ತಾರೆ. ತಂಗಿಯ ಮನೆಯಲ್ಲೂ ಅದೇ ನಡೆದಿತ್ತು. ಬರೀ ಒಣ ಸೀಗಡಿಯಲ್ಲಿ ಎ ಜೀವಸತ್ವ ಸಾಲುವುದಿಲ್ಲ. ತಿಂಗಳುಗಟ್ಟಲೆ ಹೀಗಾದರೆ ರೆಪ್ಪೆ ಬಾತುಕೊಂಡು ಕಣ್ಣು ಮುಚ್ಚುತ್ತದೆ. ಕಣ್ಣು ಕಾಣದ ನೀರಾಮೆ ಊಟ ಹುಡುಕುವುದಾದರೂ ಹೇಗೆ? ಮೀನು ಮಾರುಕಟ್ಟೆಯ ಉಪ್ಪು ಹಾಕಿದ ಒಣಮೀನಂತೂ ಬೇಡವೇ ಬೇಡ.

ಅದರ ಬದಲು ಆಮೆಗೆಂದೇ ಅಂಗಡಿಯಲ್ಲಿ ಸಿಗುವ ಕಾಳಿನಂಥ ಆಹಾರ (ಪೆಲೆಟ್), ಎರೆಹುಳ, ಮುಳ್ಳು ಸಮೇತ ಚಿಕ್ಕ ಹಸಿಮೀನು, ತುರಿದ ಕ್ಯಾರೆಟ್, ಎಳೆ ಸೊಪ್ಪು ಬದಲಿಸಿ ಬದಲಿಸಿ ಕೊಡಿ. ಮೊದಲ ತುತ್ತಿಗೆ ಎರೆಹುಳದಷ್ಟು ಒಳ್ಳೆಯದು ಬೇರೆ ಇಲ್ಲ. ಅದು ಮಿಸುಕಾಡುತ್ತದೆ, ಮರಿಯ ಕಣ್ಣಿಗೆ ಬೀಳುತ್ತದೆ. ಔಷಧಿ, ಗೊಬ್ಬರ ಹಾಕದ ಜಾಗದ ಹುಳವೇ ಆಗಬೇಕು. ತಂಗಿಯ ಮಗಳು ಬಾಳೆಬುಡ ಅಗೆದು ಹುಳ ತಂದಳು. ಆರನೆಯ ದಿನ ಬೆಳಿಗ್ಗೆ ಮರಿ ಅದನ್ನು ಕಚ್ಚಿತು, ಬಿಟ್ಟಿತು, ಮತ್ತೆ ಕಚ್ಚಿ ನುಂಗಿತು.

ಅರ್ಧ ಗಂಟೆಯಲ್ಲಿ ತಿನ್ನದಿದ್ದರೆ ತೆಗೆದುಬಿಡಿ. ಎದುರಿಗೆ ಕೂತು ದಿಟ್ಟಿಸಬೇಡಿ. ಸುಮ್ನೆ ಬಿಟ್ಟು ದೂರ ಹೋದರೆ ತಿನ್ನುವ ಮರಿಗಳೂ ಇವೆ.

ವೈದ್ಯರ ಹತ್ತಿರ ಯಾವಾಗ

ಮೂಗಿನಿಂದ ಗುಳ್ಳೆ, ಬಾಯಿ ತೆರೆದು ಉಸಿರಾಟ, ಕೀಚಲು ಸದ್ದು, ನೀರಿನಲ್ಲಿ ಒಂದೇ ಬದಿಗೆ ವಾಲಿ ಈಜುವುದು. ಇವು ಶ್ವಾಸಕೋಶದ ಸೋಂಕಿನ ಗುರುತು. ಒಂದು ದಿನವೂ ಕಾಯಬೇಡಿ. ಬಾತ ಕಣ್ಣು, ಬಾಯೊಳಗೆ ಹಳದಿ ಮೊಸರಿನಂಥದ್ದು, ಮೆತ್ತಗಾದ ಚಿಪ್ಪು, ರಕ್ತ ಕಂಡರೂ ಹಾಗೇ. ಬೇರೇನೂ ಕಾಣದಿದ್ದರೂ ಬೆಚ್ಚಗಿಟ್ಟು ನಾಲ್ಕು ದಿನವಾದ ಮೇಲೂ ತಿನ್ನದ ಮರಿಯನ್ನು ತೋರಿಸಲೇಬೇಕು. ಹೋಗುವಾಗ ಗಾಳಿಯಾಡುವ ಡಬ್ಬಿಯಲ್ಲಿ ಬೆಚ್ಚಗಿನ ಬಟ್ಟೆ ಹಾಸಿ ಒಯ್ಯಿರಿ, ನೀರು ತುಂಬಿ ಅಲ್ಲ.

ನಮ್ಮ ಕಡೆ ಪಶುವೈದ್ಯರು ಹೆಚ್ಚಾಗಿ ದನ, ಎಮ್ಮೆ ನೋಡುವವರು. ಅದು ಅವರ ತಪ್ಪಲ್ಲ. "ಸರ್, ಆಮೆ ನೋಡಿದ ಅನುಭವ ಇದೆಯಾ? ಇಲ್ಲದಿದ್ದರೆ ಗೊತ್ತಿರುವವರನ್ನು ಕೇಳಿ ಹೇಳ್ತೀರಾ?" ಅಂತ ಗೌರವದಿಂದ ಕೇಳಿ. ಶಿರಸಿ, ಸಿದ್ದಾಪುರದವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯ ಇದೆ. ಕಾರವಾರದವರಿಗೆ ಗೋವಾ ಹತ್ತಿರ.

ಒಂದು ಮಾತನ್ನು ಮಾತ್ರ ನೆನಪಿಟ್ಟು ಹೇಳಿ: ದನಕ್ಕೆ, ನಾಯಿಗೆ ಕೊಡುವ ಐವರ್‌ಮೆಕ್ಟಿನ್ ಆಮೆಗೆ ವಿಷ. ಹುಳದ ಔಷಧಿ ಅಂತ ಮನೆಯಲ್ಲಿ ಉಳಿದದ್ದನ್ನು ಒಂದು ಹನಿಯೂ ಹಾಕಬೇಡಿ. ಮಕ್ಕಳ ವಿಟಮಿನ್ ಹನಿಯನ್ನೂ ನೀವಾಗಿ ಕೊಡಬೇಡಿ, ಎ ಜೀವಸತ್ವ ಜಾಸ್ತಿಯಾದರೂ ಅಪಾಯ.

ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಬೋಗುಣಿಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬೇಡಿ.

ತೂಕ ಬರೆದಿಡಿ

ಮರಿ ಚೇತರಿಸಿಕೊಂಡಿದೆಯೋ ಇಲ್ಲವೋ ಕಣ್ಣಂದಾಜಿಗೆ ತಿಳಿಯುವುದಿಲ್ಲ. ಗ್ರಾಂ ತೋರಿಸುವ ಚಿಕ್ಕ ತೂಕದ ಯಂತ್ರ ಇಟ್ಟುಕೊಳ್ಳಿ. ಎರಡು ದಿನಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ಸ್ನಾನಕ್ಕೆ ಮೊದಲು ತೂಗಿ ಕ್ಯಾಲೆಂಡರಿನಲ್ಲಿ ಬರೆಯಿರಿ. ವೈದ್ಯರಿಗೂ ಆ ಕ್ಯಾಲೆಂಡರ್ ತೋರಿಸಿ. ಶಿರಸಿಯ ಮರಿ ಮೊದಲ ದಿನ 24 ಗ್ರಾಂ, ಐದನೆಯ ದಿನ 22. ಹುಳ ನುಂಗಿದ ಮೇಲೆ ಒಂದು ವಾರ ಅಲ್ಲೇ ನಿಂತಿತ್ತು. ಆಗಸ್ಟ್ ಕೊನೆಗೆ 27 ಆಯಿತು. ತಿನ್ನಲು ಶುರುಮಾಡಿತು ಅಂತ ಆ ದಿನವೇ ಬಲ್ಬ್ ತೆಗೆಯಬೇಡಿ. ತಂಗಿಯ ಮನೆಯಲ್ಲಿ ಮಳೆ ಪೂರ್ತಿ ಬಿಡುವವರೆಗೂ ಅದು ಉರಿಯುತ್ತಲೇ ಇತ್ತು.